ಹಿಂದಿನ ಸಾಲಿನ ಆಟಗಾರ

ಕಾಲ್ಚೆಂಡಿನ ಆಟದಲ್ಲಿ ಗೋಲು ಹೊಡೆದವನಿಗೆ ಹೂಮಾಲೆ, ತಡೆದವನನ್ನು ಕೇಳುವವರಿಲ್ಲ. ತಡೆಯಲಾರದೆ ಹೋದರೆ ಮಾತ್ರ ಊರೆಲ್ಲ ಅವನದೇ ಮಾತು! ಕಳೆದ ವರ್ಷ ನನ್ನ ತಪ್ಪಿನಿಂದ ನಮ್ಮ ತಂಡ ಸೋತಾಗ, ಇನ್ನು ಆಟವೇ ಬೇಡವೆಂದಿದ್ದೆ. ಆ ದಿನಗಳಲ್ಲೇ ಜಪಾನಿನ ತಾಕೇಶಿ ಒಕಾಡರ ವೃತ್ತಾಂತವನ್ನು ಓದಿದೆ.

ಅವರೂ ರಕ್ಷಣೆಯ ಆಟಗಾರರೇ. 1956ರಲ್ಲಿ ಓಸಾಕದಲ್ಲಿ ಹುಟ್ಟಿದವರು. ದೇಶಕ್ಕಾಗಿ 24 ಪಂದ್ಯ ಆಡಿ ಹೊಡೆದದ್ದು ಒಂದೇ ಗೋಲು. 1997ರ ಅಕ್ಟೋಬರಿನಲ್ಲಿ, ವಿಶ್ವಕಪ್ಪಿನ ಅರ್ಹತಾ ಪಂದ್ಯಗಳ ನಡುವೆ ಮುಖ್ಯ ತರಬೇತುದಾರರನ್ನು ತೆಗೆದು, ಸಹಾಯಕರಾಗಿದ್ದ ಒಕಾಡರ ಹೆಗಲಿಗೆ ಹೊರೆ ಹೊರಿಸಿದರು. ಮರುತಿಂಗಳೇ ಮಲೇಷಿಯದ ಜೊಹೊರ್ ಬಾರುವಿನಲ್ಲಿ ಇರಾನನ್ನು 3-2ರಿಂದ ಸೋಲಿಸಿ ಜಪಾನು ಮೊಟ್ಟಮೊದಲು ವಿಶ್ವಕಪ್ಪಿಗೆ ಅರ್ಹವಾಯಿತು.

1998ರಲ್ಲಿ, ಜನರ ಕಣ್ಮಣಿಯಾಗಿದ್ದ ಕಜುಯೋಶಿ ಮಿಯುರರನ್ನು ಅವರು ಕಡೆಯ ಗಳಿಗೆಯಲ್ಲಿ ತಂಡದಿಂದ ಕೈಬಿಟ್ಟರು. ಫ್ರಾನ್ಸಿನಲ್ಲಿ ಆಡಿದ ಮೂರು ಪಂದ್ಯಗಳಲ್ಲೂ ಸೋಲು. ನಿಂದೆಗೆ ಕೇಳಬೇಕೆ! ಒಕಾಡ ಹುದ್ದೆ ಬಿಟ್ಟರು, ಆಟವನ್ನು ಬಿಡಲಿಲ್ಲ. 2003, 2004ರಲ್ಲಿ ಯೊಕೊಹಾಮದ ತಂಡಕ್ಕೆ ಲೀಗಿನ ಪ್ರಶಸ್ತಿ ತಂದರು.

2007ರಲ್ಲಿ ರಾಷ್ಟ್ರೀಯ ತಂಡದ ತರಬೇತುದಾರ ಒಸಿಮ್ ಕಾಯಿಲೆ ಬಿದ್ದಾಗ ಮತ್ತೆ ಕರೆ ಬಂತು. ಒಮ್ಮೆ ಸುಟ್ಟುಕೊಂಡ ಕೈಯನ್ನೇ ಮತ್ತೆ ಚಾಚಿದರು. 2010ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಕ್ಯಾಮರೂನ್, ಡೆನ್ಮಾರ್ಕ್‌ಗಳನ್ನು ಗೆದ್ದ ಜಪಾನು ಕಡೆಯ ಹದಿನಾರರೊಳಗೆ ಬಂತು. ಅಲ್ಲಿ ಪರಾಗ್ವೆಗೆ ಸೋತದ್ದೂ ಪೆನಾಲ್ಟಿ ಒದೆತಗಳಲ್ಲಿ ಮಾತ್ರ.

ಚೆಂಡು ನಮ್ಮನ್ನು ದಾಟಿ ಹೋಗುವುದುಂಟು. ಹೋದ ಮೇಲೆಯೂ ತನ್ನ ಜಾಗಕ್ಕೆ ಮರಳಿ ನಿಲ್ಲುವವನೇ ರಕ್ಷಕ. ಈ ವರ್ಷ ನಾನೂ ಹಿಂದಿನ ಸಾಲಿಗೇ ಹೆಸರು ಕೊಟ್ಟಿದ್ದೇನೆ.