ದೀಪ ಮುಟ್ಟುವಷ್ಟು ದೂರ

ಚಂದ್ರಬಂಡದಲ್ಲಿ ಹೊತ್ತು ಮುಳುಗಿದೆ. ಪುಷ್ಯ ಮಾಸ, ಆರೂವರೆಗೆಲ್ಲ ಕತ್ತಲು. ಚಹಾದಂಗಡಿಯ ಮುಂದೆ ನಿಂತಿರುವ ನೂರು ಸಿಸಿ ಬೈಕಿನ ಹಿಂದಿನ ಸೀಟಿಗೆ ನೀವು ಕಾಲು ದಾಟಿಸಿ ಕೂರುತ್ತೀರಿ. ಓಡಿಸುವ ಹುಡುಗನಿಗೆ ಇಪ್ಪತ್ತೆರಡು ಇರಬಹುದು. ಅವನ ಹೆಲ್ಮೆಟ್ ತಲೆಯ ಮೇಲಿಲ್ಲ, ಪೆಟ್ರೋಲ್ ಟ್ಯಾಂಕಿನ ಮೇಲಿದೆ. ನಿಮಗಂತೂ ಹೆಲ್ಮೆಟ್ಟೇ ಇಲ್ಲ.

"ಹಾಕ್ಕೊಳ್ಳೋ ತಮ್ಮಾ" ಎನ್ನುತ್ತೀರಿ.

"ರಾಯಚೂರು ಹತ್ರ ಬಂದ್ಮ್ಯಾಗ ಹಾಕ್ಕೋತೀನ್ರೀ ಕಾಕಾ. ಇಲ್ಲಿ ಯಾವ ಪೊಲೀಸ್ರು ಇರ್ತಾರ?"

ಹೆಲ್ಮೆಟ್ ಪೊಲೀಸರಿಗಾಗಿ, ಪೊಲೀಸರು ಊರಿಗಾಗಿ. ನಡುವಿನ ದಾರಿಯಲ್ಲಿ ತಲೆ ಬರಿದೇ ಇರಬಹುದು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿದ್ದು 2016ರ ಜನವರಿಯಲ್ಲಿ. ಅಷ್ಟು ವರ್ಷಗಳ ಮೇಲೂ ಹಿಂದೆ ಕೂತವರ ತಲೆಗೆ ಟವೆಲ್ಲೋ ಸೆರಗೋ ಸುತ್ತಿರುವುದೇ ಇಲ್ಲಿ ವಾಡಿಕೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಸೀಮೆ ಇದು. ಸೆಕೆ ಎಂಬ ಸಬೂಬು ಆಗ ಒಪ್ಪುವಂಥದ್ದೇ. ಇವತ್ತು ಚಳಿಗೆ ಅವನು ಕಿವಿಗೆ ಮಫ್ಲರ್ ಬಿಗಿದುಕೊಂಡಿದ್ದಾನೆ.

ಗಾಡಿ ಹೊರಟಿತು. ಊರ ಕೊನೆಯ ದೀಪ ಹಿಂದೆ ಸರಿಯುತ್ತಲೇ ಎರಡೂ ಬದಿಗೆ ಎರೆಹೊಲ ಕಪ್ಪಗೆ ಹರಡಿಕೊಳ್ಳುತ್ತದೆ. ಬಿಡಿಸಿ ಉಳಿದ ಹತ್ತಿ ಅಲ್ಲಲ್ಲಿ ಬೆಳ್ಳಗೆ ಕಾಣುತ್ತದೆ. ತಣ್ಣನೆ ಗಾಳಿಗೆ ಕಣ್ಣಲ್ಲಿ ನೀರು. ಹುಡುಗನ ಭುಜದ ಮೇಲಿಂದ ಇಣುಕಿದರೆ ಸ್ಪೀಡೋಮೀಟರಿನ ಮುಳ್ಳು ಅರವತ್ತರ ಮೇಲೆ ನಡುಗುತ್ತಿದೆ. ಮುಂದೆ ಹೆಡ್‌ಲೈಟಿನ ಹಳದಿ ಬೆಳಕು, ಅದರಾಚೆ ಏನೂ ಇಲ್ಲ. ಮುಂದೇನಿದೆ ಎಂಬುದನ್ನು ಅವನು ನೋಡಿ ತಿಳಿಯುತ್ತಿಲ್ಲ, ದಿನಾ ಓಡಾಡಿದ ನೆನಪಿನಿಂದ ತಿಳಿಯುತ್ತಿದ್ದಾನೆ. ಎಲ್ಲಿ ತಿರುವು, ಎಲ್ಲಿ ಹಂಪು, ಎಲ್ಲಿ ಮೋರಿ ಎಲ್ಲವೂ ಬಾಯಿಪಾಠ. ಆದರೆ ರಸ್ತೆಯ ಮೇಲೆ ಈ ಹೊತ್ತು ಏನು ಬಂದು ನಿಂತಿದೆ ಎಂಬುದು ಯಾವ ಬಾಯಿಪಾಠದಲ್ಲೂ ಇರುವುದಿಲ್ಲ.

ಎದುರಿಗೆ ಒಂದು ಬೈಕ್ ಬಂದು ಹಾದುಹೋಗುತ್ತದೆ. ಅದರ ಮೇಲೆ ನಾಲ್ಕು ಜನ. ಅಪ್ಪ, ಅವ್ವ, ಇಬ್ಬರ ನಡುವೆ ಒಂದು ಹುಡುಗಿ, ಟ್ಯಾಂಕಿನ ಮೇಲೆ ಗಾಳಿಗೆ ಮುಖವೊಡ್ಡಿ ಕೂತ ಪುಟ್ಟ ಮಗು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗುವಿದ್ದರೆ ಅದಕ್ಕೆ ಅಳತೆಯ ಹೆಲ್ಮೆಟ್, ಮೈಗೆ ಬೆಲ್ಟು, ಗಾಡಿಗೆ ನಲವತ್ತರ ಮಿತಿ ಎಂದು 2023ರ ಫೆಬ್ರುವರಿಯಿಂದ ದೇಶದ ನಿಯಮವಿದೆ. ಬಸ್ಸು ತಪ್ಪಿದ ಸಂಸಾರಕ್ಕೆ ಬೈಕ್ ಬಿಟ್ಟರೆ ಬೇರೇನಿದೆ ಎಂಬ ಪ್ರಶ್ನೆಗೆ ಆ ನಿಯಮದಲ್ಲಿ ಉತ್ತರವಿಲ್ಲ. ನಲವತ್ತು ಎಂಬ ಅಂಕಿಯನ್ನು ಮಾತ್ರ ನೆನಪಿಡಿ. ಅದು ಮಕ್ಕಳಿಗಷ್ಟೇ ಸಲ್ಲುವ ಅಂಕಿಯಲ್ಲ.

ಸ್ವಲ್ಪ ಮುಂದೆ ಟೈರಿನ ಸದ್ದು ಬದಲಾಗುತ್ತದೆ. ಚರ್ರ್ ಅನ್ನುತ್ತದೆ. ಯಾರೋ ರಸ್ತೆಯ ಅರ್ಧಕ್ಕೆ ತೊಗರಿ ಕಟ್ಟಿಗೆ ಹರಡಿದ್ದಾರೆ. ಹಾಯುವ ಗಾಡಿಗಳೇ ತುಳಿದು ಕಾಳು ಬಿಡಿಸಲಿ ಎಂಬ ಲೆಕ್ಕ. ಕಣ ಮಾಡುವ ಕಾಲ ಹೋಯಿತು, ಆಳಿಗೆ ಕೂಲಿ ಏರಿತು, ಡಾಂಬರು ಪುಕ್ಕಟೆ ಸಿಕ್ಕಿತು. ಒಣ ಕಡ್ಡಿಯ ಮೇಲೆ ಮುಂದಿನ ಬ್ರೇಕು ಹಿಡಿದರೆ ಗಾಲಿ ಜಾರಿ ಗಾಡಿ ಅಡ್ಡ ಬೀಳುತ್ತದೆ. ಹುಡುಗನಿಗೆ ಅದು ಗೊತ್ತು. ಬ್ರೇಕು ಮುಟ್ಟದೆ ಆಕ್ಸಿಲರೇಟರ್ ಬಿಡುತ್ತಾನೆ, ಹ್ಯಾಂಡಲ್ ನೆಟ್ಟಗೆ ಹಿಡಿಯುತ್ತಾನೆ. ಮುಳ್ಳು ಅರವತ್ತರಿಂದ ಐವತ್ತು, ಐವತ್ತರಿಂದ ನಲವತ್ತಕ್ಕೆ ಇಳಿಯುತ್ತದೆ. "ಇವರವ್ವನ್, ರಸ್ತಾ ಏನ್ ಇವರಪ್ಪಂದಾ?" ಎಂದು ಗೊಣಗುತ್ತಾನೆ.

ಬೈಗುಳ ಮುಗಿಯುವಷ್ಟರಲ್ಲಿ ಎದುರಿನಿಂದ ಲಾರಿಯೊಂದರ ದೀಪ. ಅವನು ಡಿಪ್ಪರ್ ಹೊಡೆಯುತ್ತಾನೆ, ಲಾರಿಯವನು ಕೇಳುವುದಿಲ್ಲ. ಒಂದು ಕ್ಷಣ ನಿಮ್ಮಿಬ್ಬರ ಕಣ್ಣಲ್ಲೂ ಬರೀ ಬಿಳುಪು. ಲಾರಿ ದಾಟಿದ ಮೇಲೆ ಬರೀ ಕಪ್ಪು. ಆ ಕಪ್ಪಿನೊಳಗಿಂದ ಗೋಡೆಯಂಥದ್ದೊಂದು ಎದ್ದು ಬರುತ್ತದೆ.

"ಯಪ್ಪೋ!"

ಹಿಂದಿನ ಗಾಲಿ ಕಿರುಚುತ್ತದೆ. ನಿಮ್ಮ ಎದೆ ಹುಡುಗನ ಬೆನ್ನಿಗೆ ಅಪ್ಪಳಿಸುತ್ತದೆ. ಗಾಡಿ ನಿಂತಾಗ ಮುಂದಿನ ಮಡ್‌ಗಾರ್ಡಿಗೂ ಟ್ರಾಲಿಯ ಕಬ್ಬಿಣದ ಅಂಚಿಗೂ ನಡುವೆ ಒಂದು ಮೊಳ ಜಾಗ. ಹೆಲ್ಮೆಟ್ ಟ್ಯಾಂಕಿನಿಂದ ಉರುಳಿ ಟ್ರಾಲಿಯ ಅಡಿಗೆ ಹೋಗಿದೆ.

ಹತ್ತಿ ಚೀಲ ತುಂಬಿದ ಟ್ರ್ಯಾಕ್ಟರ್ ಟ್ರಾಲಿ. ಪಂಕ್ಚರ್ ಆಗಿ ನಿಂತಿದೆ. ಗಾಲಿಗೆ ಎರಡು ಕಲ್ಲು, ಹಿಂದೆ ಎಚ್ಚರಿಕೆಗೆಂದು ಹಾಕಿದ ಜಾಲಿ ಟೊಂಗೆ. ಕಲ್ಲೂ ಕಪ್ಪು, ಟೊಂಗೆಯೂ ಕಪ್ಪು. ಟ್ರ್ಯಾಕ್ಟರಿನ ಕಡೆಯಿಂದ ವಯಸ್ಸಾದವರೊಬ್ಬರು ಓಡಿ ಬರುತ್ತಾರೆ.

"ಹಿಂದ ಲೈಟ್ ಇಲ್ಲೇನ್ ಮುತ್ಯಾ? ಈಗ ಸಾಯ್ತಿದ್ವಿ ನಾವು!"

"ವಾಯರ್ ಹರದದಪ್ಪಾ. ಕೆಂಪು ಪಟ್ಟಿ ಹಚ್ಚೀನಿ, ಚೀಲದ ಕೆಳಗ ಮುಚ್ಚಿ ಹೋಗ್ಯಾದ."

ಜೋತುಬಿದ್ದ ಚೀಲವನ್ನು ಮುತ್ಯಾ ಮೇಲೆತ್ತುತ್ತಾರೆ. ಬೈಕಿನ ಬೆಳಕು ತಾಗಿದ್ದೇ ತಡ, ಅಂಗೈ ಅಗಲದ ಪಟ್ಟಿ ಕೆಂಡದ ಹಾಗೆ ಉರಿಯುತ್ತದೆ. ಅದಕ್ಕೆ ಬ್ಯಾಟರಿ ಬೇಡ, ವಾಯರ್ ಬೇಡ. ಕಾಣುವ ಜಾಗದಲ್ಲಿದ್ದರೆ ಸಾಕು.

ಹುಡುಗ ರಸ್ತೆ ಬದಿ ಕುಕ್ಕರಗಾಲಲ್ಲಿ ಕೂತು ಏದುಸಿರು ಬಿಡುತ್ತಿದ್ದಾನೆ. ಅಷ್ಟರೊಳಗೆ ನೀವು ಒಂದು ಲೆಕ್ಕ ಹಾಕಿ. ಡಿಪ್ ಮಾಡಿದ ಇಂಥ ಬೈಕಿನ ಬೆಳಕು ದೀಪವಿಲ್ಲದ ವಸ್ತುವನ್ನು ತೋರಿಸುವುದು ಸುಮಾರು ಮೂವತ್ತು ಮೀಟರಿನಿಂದ. ಕಣ್ಣಿಗೆ ಬಿದ್ದದ್ದು ಮನಸ್ಸಿಗೆ ಹೊಳೆದು ಕೈಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಎಂದಿಟ್ಟುಕೊಳ್ಳಿ. ನಲವತ್ತರ ವೇಗದಲ್ಲಿ ಆ ಒಂದೂವರೆ ಸೆಕೆಂಡಿಗೆ ಗಾಡಿ 17 ಮೀಟರ್ ಓಡುತ್ತದೆ, ಬ್ರೇಕು ಹಿಡಿದ ಮೇಲೆ ಇನ್ನೊಂದು ಹತ್ತು. ಒಟ್ಟು 27. ಉಳಿಯಬೇಕಾದದ್ದು ಮೂರು ಮೀಟರ್, ಲಾರಿಯ ಬೆಳಕಿಗೆ ಕಣ್ಣು ಕುಕ್ಕಿದ್ದರಿಂದ ಉಳಿದದ್ದು ಆ ಒಂದು ಮೊಳ. ಅರವತ್ತರಲ್ಲಿ ಬ್ರೇಕು ಮುಟ್ಟುವ ಮೊದಲೇ 25 ಮೀಟರ್ ಮುಗಿದಿರುತ್ತಿತ್ತು. ನಿಲ್ಲಲು ಬೇಕಾದದ್ದು ಹತ್ತಿರ ಹತ್ತಿರ ಐವತ್ತು ಮೀಟರ್, ಇರುವುದು ಮೂವತ್ತು. ಟ್ರಾಲಿಗೆ ತಾಗುವಾಗಲೂ ವೇಗ ಐವತ್ತರ ಮೇಲೆಯೇ. ಟ್ರಾಲಿಯ ಅಂಚು ಇರುವುದು ಸವಾರನ ಎದೆ, ಕುತ್ತಿಗೆಯ ಮಟ್ಟದಲ್ಲಿ. ಆ ಹೊಡೆತಕ್ಕೆ ಹೆಲ್ಮೆಟ್ ಒಂದೇ ಉತ್ತರವಲ್ಲ. ಇವತ್ತು ನಿಮ್ಮಿಬ್ಬರನ್ನು ಉಳಿಸಿದ್ದು ಅವನು ಬೈದ ಆ ತೊಗರಿ ಕಟ್ಟಿಗೆ.

ವೇಗ ಎಂದರೆ ಹೆದ್ದಾರಿ, ದೊಡ್ಡ ಬೈಕು, ವೀಲಿಂಗ್ ಮಾಡುವ ಹುಡುಗರು ಎಂದು ನಮ್ಮ ಕಲ್ಪನೆ. ಕತ್ತಲ ಹಳ್ಳಿ ರಸ್ತೆಯಲ್ಲಿ ನೂರು ಸಿಸಿ ಗಾಡಿಯ ಅರವತ್ತೂ ಅತಿವೇಗವೇ. ದೀಪ ಮುಟ್ಟುವಷ್ಟು ದೂರದೊಳಗೆ ನಿಲ್ಲಲಾಗದ ವೇಗವೆಲ್ಲ ಅತಿವೇಗ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು. ನೂರಕ್ಕೆ 68 ಸಾವು ಆದದ್ದು ಗ್ರಾಮೀಣ ಪ್ರದೇಶದಲ್ಲಿ. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಇವರಲ್ಲಿ 14,337 ಮಂದಿ ನಿಮ್ಮ ಹಾಗೆ ಹಿಂದೆ ಕೂತವರು.

ನೀವು ಮೊಬೈಲ್ ಟಾರ್ಚ್ ಹಚ್ಚಿಕೊಂಡು ಟ್ರಾಲಿಯಿಂದ ನೂರು ಹೆಜ್ಜೆ ಹಿಂದೆ ಹೋಗಿ ರಸ್ತೆ ಬದಿಗೆ ನಿಲ್ಲುತ್ತೀರಿ. ಬರುವ ಗಾಡಿಗಳಿಗೆ ಬೆಳಕು ಬೀಸುತ್ತೀರಿ. ಹುಡುಗನೂ ಮುತ್ಯಾನೂ ಚೀಲಗಳನ್ನು ಎಳೆದು ಕಟ್ಟುತ್ತಾರೆ. ಸ್ಟೆಪ್ನಿ ಹೊತ್ತು ಇನ್ನೊಂದು ಬೈಕ್ ಬರುತ್ತದೆ. ಜ್ಯಾಕ್ ಏರುವ ತನಕ ಮಾತು.

"ಏನರ ಆಗಿದ್ರ ಯಾರ್ ಒಯ್ತಿದ್ರು ನಮ್ಮನ್ನ?" ಹುಡುಗ ಕೇಳುತ್ತಾನೆ.

"ನಾ ಒಯ್ತಿದ್ದೆ" ಎನ್ನುತ್ತಾರೆ ಮುತ್ಯಾ. ತುಸು ತಡೆದು, "ಆದ್ರ ಒಯ್ದವ್ರನ್ನೇ ಠಾಣೆಗೆ ಕರೀತಾರಲ್ಲಪ್ಪ."

ಆ ಭಯ ಸುಳ್ಳಲ್ಲ, ಆದರೆ ಹಳೆಯದು. ದಾರಿಹೋಕನಾಗಿ ಗಾಯಾಳುವಿಗೆ ನೆರವಾದವರ ಹೆಸರು, ವಿಳಾಸವನ್ನು ಬಲವಂತವಾಗಿ ಕೇಳುವಂತಿಲ್ಲ, ಅವರ ಮೇಲೆ ಕೇಸು ಹಾಕುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ಇರುವುದು ಇದಕ್ಕಾಗಿಯೇ. ಖರ್ಚಿನ ಭಯಕ್ಕೂ ಉತ್ತರವಿದೆ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿ ಹರಿದು ದೇಹ ಎರಡಾಗಿ ಬಿದ್ದ ಬೈಕ್ ಸವಾರ ಹರೀಶ್, ತನ್ನ ಅಂಗಗಳನ್ನು ದಾನ ಮಾಡಿ ಎಂದು ಸುತ್ತ ನಿಂತವರನ್ನು ಬೇಡಿಕೊಂಡ. ಹೆಲ್ಮೆಟ್ ಇದ್ದುದರಿಂದ ಕಣ್ಣುಗಳು ಉಳಿದಿದ್ದವು, ದಾನವಾದವು. ಮರು ತಿಂಗಳೇ ಅವನ ಹೆಸರಿನಲ್ಲಿ ಸರ್ಕಾರ ಸಾಂತ್ವನ ಯೋಜನೆ ತಂದಿತು. ಕರ್ನಾಟಕದ ರಸ್ತೆಯಲ್ಲಿ ಗಾಯಗೊಂಡವರಿಗೆ ಮೊದಲ 48 ಗಂಟೆ, 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಕೊಡುವ ಯೋಜನೆಯಾಗಿತ್ತು ಅದು. ಗಾಯಾಳು ಯಾವ ರಾಜ್ಯದವನು ಎಂಬುದನ್ನು ಅದು ಕೇಳುತ್ತಿರಲಿಲ್ಲ, ತೆಲಂಗಾಣದ ಗಡಿಗೆ ಅಂಟಿಕೊಂಡ ಈ ಸೀಮೆಗೆ ಅದು ದೊಡ್ಡ ಮಾತಾಗಿತ್ತು. 2025ರ ಮೇ ತಿಂಗಳಲ್ಲಿ ಕೇಂದ್ರವೂ ಏಳು ದಿನ, ಒಂದೂವರೆ ಲಕ್ಷದವರೆಗಿನ ನಗದುರಹಿತ ಚಿಕಿತ್ಸೆಯ ಯೋಜನೆ ಹೊರಡಿಸಿತು. ನಡುರಸ್ತೆಯಲ್ಲಿ ಇಷ್ಟೆಲ್ಲ ನೆನಪಾಗದಿದ್ದರೆ 108 ಒತ್ತಿದರೆ ಸಾಕು.

ಟ್ರಾಲಿ ಮುಂದೆ, ಬೈಕು ಹಿಂದೆ ಹೊರಡುತ್ತವೆ. ಹೆಲ್ಮೆಟ್ ಈಗ ಹುಡುಗನ ತಲೆಯ ಮೇಲಿದೆ, ಪಟ್ಟಿ ಬಿಗಿದಿಲ್ಲ. ನೀವು ಹಿಂದಿನಿಂದ ಕೈ ಚಾಚಿ ಕ್ಲಿಪ್ ಒತ್ತುತ್ತೀರಿ. ಟಕ್ ಎನ್ನುತ್ತದೆ. ಬಿಗಿಯದ ಹೆಲ್ಮೆಟ್, ಗಾಡಿ ಬಿದ್ದಾಗ ತಲೆ ನೆಲಕ್ಕೆ ತಾಗುವ ಮುಂಚೆಯೇ ಹಾರಿಹೋಗಬಹುದು. ಮುಳ್ಳು ನಲವತ್ತು ದಾಟುವುದಿಲ್ಲ. ಮುಂದಿನ ಕೆಂಪು ಪಟ್ಟಿ ದೂರ ಹೋದರೂ ಕಾಣುತ್ತಲೇ ಇರುತ್ತದೆ.

ರಾಯಚೂರು ಬಂದ ಮೇಲೆ ರಾಜೇಂದ್ರ ಗಂಜ್ ಮಾರುಕಟ್ಟೆಯ ಕಡೆ ಹತ್ತಿಯ ಟ್ರಾಲಿಗಳು ಸಾಲುಗಟ್ಟಿವೆ. ಹುಡುಗ ಗಾಡಿ ನಿಧಾನ ಮಾಡಿ ಒಂದೊಂದರ ಹಿಂಭಾಗವನ್ನೂ ನೋಡುತ್ತಾ ಹೋಗುತ್ತಾನೆ. "ಇದಕ್ಕದ. ಇದಕ್ಕಿಲ್ಲ. ಇದಕ್ಕೂ ಇಲ್ಲ ನೋಡ್ರಿ ಕಾಕಾ."

ಸುತ್ತಲಿನ ನೂರಾರು ಹಳ್ಳಿಯ ಕತ್ತಲ ರಸ್ತೆಗಳಲ್ಲಿ ಪೊಲೀಸರನ್ನು ನಿಲ್ಲಿಸಲಾಗದು. ಆದರೆ ಹಂಗಾಮಿನಲ್ಲಿ ಆ ರಸ್ತೆಗಳ ಎಷ್ಟೋ ಟ್ರಾಲಿಗಳು ಮಾರುಕಟ್ಟೆಯ ಗೇಟು ದಾಟುತ್ತವೆ, ಕಾಟಾದ ಮೇಲೆ ನಿಲ್ಲುತ್ತವೆ. ತೂಕದ ಚೀಟಿ ಬರೆಯುವಷ್ಟು ಹೊತ್ತಿನಲ್ಲಿ ಹಿಂದೆ ಒಂದು ಕೆಂಪು ಪಟ್ಟಿ ಹಚ್ಚಿ ಮುಗಿಯುತ್ತದೆ. ಗೇಟಿನಲ್ಲಿ ಪಟ್ಟಿಯ ಒಂದು ಸುರುಳಿ, ಹಚ್ಚಲು ಒಬ್ಬ ಆಳು ಇದ್ದರೆ ಈ ಹಂಗಾಮಿನಿಂದಲೇ ಶುರು ಮಾಡಬಹುದು.