ಒಂದು ಕಿವಿ ಅಪ್ಪನಿಗೆ

ಕಳೆದ ದೀಪಾವಳಿಗೆ ಹಾಸನಕ್ಕೆ ಹೋಗಿದ್ದಾಗ, ರಾತ್ರಿ ಹನ್ನೊಂದರ ಹೊತ್ತಿಗೆ ನೀರು ಕುಡಿಯಲು ಎದ್ದೆ. ಹಾಲ್‌ನಲ್ಲಿ ಟಿವಿ ಓಡುತ್ತಿತ್ತು, ಸದ್ದೇ ಇಲ್ಲ. ಅಮ್ಮ ಕಾಲು ಮಡಚಿ ಕೂತು ಮ್ಯೂಟ್‌ನಲ್ಲಿ ಸೀರಿಯಲ್ ನೋಡುತ್ತಿದ್ದಳು.

‘ಇದೇನಮ್ಮಾ, ಮೂಕಿ ಚಿತ್ರ ನೋಡ್ತಿದೀಯಾ?’ ಅಂದೆ.

‘ಮೆತ್ತಗೆ ಮಾತಾಡು, ಅಪ್ಪ ಈಗಷ್ಟೇ ಮಲಗಿದಾರೆ. ಮುಖ ನೋಡಿದ್ರೆ ಕತೆ ಗೊತ್ತಾಗುತ್ತೆ ಬಿಡು’ ಅಂದಳು.

ಅಪ್ಪನಿಗೆ ಸ್ಟ್ರೋಕ್ ಆಗಿ ವರ್ಷ ಆಗಿತ್ತು. ನಿದ್ದೆ ತೀರಾ ತೆಳು. ಒಮ್ಮೆ ಎಚ್ಚರವಾದರೆ ಬೆಳಗಿನವರೆಗೂ ಇಬ್ಬರಿಗೂ ಜಾಗರಣೆ. ದಿನವಿಡೀ ಅವರ ಹಿಂದೆ ಓಡಾಡುವ ಅಮ್ಮನಿಗೆ ಅಂತ ಇದ್ದದ್ದು ಈ ಒಂದು ಗಂಟೆ ಮಾತ್ರ. ಅದಕ್ಕೂ ಸದ್ದಿಲ್ಲ.

ಬೆಂಗಳೂರಿಗೆ ವಾಪಸ್ ಬಂದವನೇ ಇಯರ್‌ಬಡ್ಸ್ ಆರ್ಡರ್ ಮಾಡಿದೆ. ನಾಲ್ಕೇ ದಿನಕ್ಕೆ ಫೋನ್ ಬಂತು. ‘ಕಿವಿಯಿಂದ ಜಾರಿ ಸೋಫಾ ಸಂದಿಗೆ ಬೀಳುತ್ತೆ ಕಣೋ. ನಿನ್ನ ಕಾಲೇಜಿನ ಹೆಡ್‌ಫೋನ್ ಅಟ್ಟದಲ್ಲಿದೆಯಲ್ಲ, ಅದು ಆಗಲ್ವಾ?’

2014ರಲ್ಲಿ ಎಂಜಿನಿಯರಿಂಗ್ ಸೇರಿದಾಗ ಅಪ್ಪ ಕೊಡಿಸಿದ್ದದು. ಕಿವಿಯನ್ನೇ ಮುಚ್ಚುವಷ್ಟು ದೊಡ್ಡದು, ಬೀಳುವ ಭಯವಿಲ್ಲ. ಆದರೆ ವೈರ್ ಟಿವಿಯಿಂದ ಸೋಫಾವರೆಗೆ ಬರಲ್ಲ. ಉದ್ದದ ವೈರ್ ಹಾಕಿದರೆ, ಅಪ್ಪ ಕರೆದಾಗ ದಡಕ್ಕನೆ ಎದ್ದು ಓಡುವವಳ ಕಾಲಿಗೇ ಸುತ್ತಿಕೊಳ್ಳುತ್ತೆ. ಹಾಗಾಗಿ ಅದನ್ನೇ ವೈರ್‌ಲೆಸ್ ಮಾಡೋಣ ಅಂದುಕೊಂಡೆ.

ನನ್ನ ಡಿಗ್ರಿ ಎಲೆಕ್ಟ್ರಾನಿಕ್ಸ್, ಕೆಲಸ ಸಾಫ್ಟ್‌ವೇರ್. ಸೋಲ್ಡರಿಂಗ್ ಐರನ್ ಮುಟ್ಟಿ ಏಳು ವರ್ಷವಾಗಿತ್ತು. ಶನಿವಾರ ಎಸ್.ಪಿ. ರೋಡ್‌ಗೆ ಹೋಗಿ ಪುಟ್ಟ ಬ್ಲೂಟೂತ್ ಆಡಿಯೋ ಬೋರ್ಡ್, 200 ಎಂಎಎಚ್ ಲಿಥಿಯಂ ಬ್ಯಾಟರಿ, ಟಿಪಿ4056 ಚಾರ್ಜಿಂಗ್ ಬೋರ್ಡ್ ತಂದೆ. ಟಿವಿಯ ಹಿಂದೆ ಸಿಕ್ಕಿಸಲು ಒಂದು ಬ್ಲೂಟೂತ್ ಟ್ರಾನ್ಸ್‌ಮಿಟರ್ ಬೇರೆ. ಈ ದುಡ್ಡಿಗೆ ಹೊಸ ಹೆಡ್‌ಫೋನೇ ಬರ್ತಿತ್ತು ಅಂತ ರೂಮ್‌ಮೇಟ್ ನಕ್ಕ. ನಿಜವೇ.

ಹೆಡ್‌ಫೋನ್ ಬಿಚ್ಚಿದರೆ ಒಳಗೆ ಕೂದಲಿನಂಥ ತಂತಿಗಳು. ಎಷ್ಟು ಪ್ರಯತ್ನಿಸಿದರೂ ಸೀಸ ಹಿಡಿಯಲೇ ಇಲ್ಲ. ಆ ತಂತಿಗಳ ಮೇಲೆ ತೆಳ್ಳನೆ ಎನಾಮೆಲ್ ಲೇಪ ಇರುತ್ತೆ, ಬಿಸಿ ಮಾಡಿ ಅದನ್ನು ಸುಟ್ಟರೆ ಮಾತ್ರ ಹಿಡಿಯೋದು ಅಂತ ನೆನಪಾಗುವಷ್ಟರಲ್ಲಿ ಒಂದು ಗಂಟೆ ಹೋಗಿತ್ತು. ಎಡ-ಬಲ ಎರಡರ ನೆಗೆಟಿವ್ ತಂತಿಗಳೂ ಒಂದೇ ಕಡೆ ಸೇರಿದ್ದವು. ನಾನು ತಂದ ಬೋರ್ಡಿಗೆ ಅವು ಬೇರೆ ಬೇರೆ ಇರಬೇಕು. ಬಿಡಿಸಿ ಮತ್ತೆ ಬೆಸೆದೆ.

ರಾತ್ರಿ ಹನ್ನೆರಡಕ್ಕೆ ಹಾಡು ಕೇಳಿಸಿತು. ಖುಷಿಯಲ್ಲಿ ಚಾರ್ಜಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಮುಟ್ಟಿ ನೋಡಿದರೆ ಬ್ಯಾಟರಿ ಬಿಸಿ! ತಕ್ಷಣ ಕಿತ್ತೆ.

ಡೇಟಾಶೀಟ್ ತೆಗೆದು ಓದಿದಾಗ ತಪ್ಪು ಗೊತ್ತಾಯಿತು. ಆ ಬೋರ್ಡ್ ಬರುವಾಗಲೇ ಒಂದು ಆಂಪಿಯರ್, ಅಂದರೆ 1000 ಮಿಲಿಆಂಪಿಯರ್‌ಗೆ ಸೆಟ್ ಆಗಿರುತ್ತೆ. ನನ್ನ ಪುಟ್ಟ ಬ್ಯಾಟರಿಗೆ ಅದು ಐದು ಪಟ್ಟು ಜಾಸ್ತಿ. ಲಿಥಿಯಂ ಬ್ಯಾಟರಿಗೆ ಹೀಗೆ ತುರುಕಿದರೆ ಉಬ್ಬಬಹುದು, ಬೆಂಕಿಯೂ ಹತ್ತಬಹುದು. ಬೋರ್ಡಿನ ಮೇಲಿನ 1.2 ಕಿಲೋಓಮ್ ರೆಸಿಸ್ಟರ್ ತೆಗೆದು 10 ಕಿಲೋಓಮ್ ಹಾಕಿದರೆ ಕರೆಂಟ್ ಸುಮಾರು 130 ಮಿಲಿಆಂಪಿಯರ್‌ಗೆ ಇಳಿಯುತ್ತೆ. ಓದಿದ್ದರೆ ಒಂದು ನಿಮಿಷದ ವಿಷಯ. ಆಫೀಸಲ್ಲಿ ಕೋಡ್ ತಪ್ಪಾದರೆ ವಾಪಸ್ ತೆಗೆದುಕೊಳ್ಳಬಹುದು. ಇದನ್ನು ನಾನು ಅಮ್ಮನ ಕಿವಿಗೆ ಕಟ್ಟುವವನಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ರೆಸಿಸ್ಟರ್ ಬದಲಿಸಿ, ಬ್ಯಾಟರಿಯನ್ನೂ ಹೊಸದು ಹಾಕಿ, ಒಂದು ವಾರ ನಾನೇ ಬಳಸಿ ನೋಡಿದೆ.

ಊರಿಗೆ ಒಯ್ದು ಟಿವಿಗೆ ಜೋಡಿಸಿಕೊಟ್ಟೆ. ಅಮ್ಮ ಎರಡು ನಿಮಿಷ ಕೇಳಿ, ‘ಅತ್ತೆ ಬಾಯಿ ಮುಚ್ಚಿದ ಮೇಲೆ ಬೈಗುಳ ಬರ್ತಿದೆಯಲ್ಲೋ’ ಅಂದಳು. ಸದ್ದನ್ನು ಕುಗ್ಗಿಸಿ, ಗಾಳಿಯಲ್ಲಿ ಕಳಿಸಿ, ಮತ್ತೆ ಬಿಡಿಸುವಷ್ಟರಲ್ಲಿ ಚೂರು ತಡವಾಗುತ್ತೆ ಅಂತ ವಿವರಿಸಿದೆ. ‘ಬರಲಿ ಬಿಡು, ಬೈಗುಳ ತಾನೆ’ ಅಂತ ನಕ್ಕಳು.

ಆಮೇಲೆ ಗಮನಿಸಿದೆ. ಬಲಗಡೆಯದನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡು ಕೂತಿದ್ದಳು.

‘ಎರಡೂ ಕಿವಿಗೆ ಹಾಕ್ಕೋಮ್ಮಾ, ಚೆನ್ನಾಗಿ ಕೇಳುತ್ತೆ.’

‘ಎರಡೂ ಮುಚ್ಚಿದ್ರೆ ಅಪ್ಪ ಕರೆದದ್ದು ಹೇಗೋ ಕೇಳ್ಸುತ್ತೆ?’

ನನ್ನ ಲೆಕ್ಕದಲ್ಲಿ ಬ್ಯಾಟರಿ, ಕರೆಂಟು, ತಂತಿ ಎಲ್ಲ ಇದ್ದವು. ಇದೊಂದು ಇರಲಿಲ್ಲ. ಅಷ್ಟು ಕಷ್ಟಪಟ್ಟು ಬೆಸೆದ ಬಲಗಡೆಯ ತಂತಿಗಳನ್ನು ಅಲ್ಲೇ ಕೂತು ಬಿಚ್ಚಿದೆ. ಸೀರಿಯಲ್ ಮಾತು ಎರಡೂ ಕಡೆ ಒಂದೇ ತಾನೆ, ನಷ್ಟವೇನಿಲ್ಲ. ಬಲಗಡೆಯ ಸ್ಪೀಕರ್, ಕುಶನ್ ಎಲ್ಲ ತೆಗೆದು ಬರೀ ಚೌಕಟ್ಟು ಉಳಿಸಿದೆ. ಆ ಕಿವಿ ಈಗ ಪೂರ್ತಿ ಖಾಲಿ. ‘ಚಾರ್ಜ್ ಆಗ್ತಿರುವಾಗ ಮಾತ್ರ ತಲೆಗೆ ಹಾಕ್ಕೋಬೇಡ’ ಅಂತ ಮೂರು ಸಲ ಹೇಳಿ ಬಂದೆ.

ಮೊನ್ನೆ ಫೋನ್ ಮಾಡಿದಾಗ ಹೇಗಿದೆ ಅಂತ ಕೇಳಿದೆ.

‘ಚೆನ್ನಾಗಿದೆ ಕಣೋ. ನಿನ್ನೆ ಸೀರಿಯಲ್ ಮಧ್ಯೆ ಅಪ್ಪ ಎರಡು ಸಲ ಕರೆದ್ರು. ಎರಡು ಸಲವೂ ಕೇಳಿಸ್ತು.’