ಎಣ್ಣೆಯಿಲ್ಲದ ಅಭ್ಯಂಜನ

ಕಾರು ತೊಳೆಯುವುದೆಂದರೆ ನಮ್ಮಲ್ಲಿ ಬಹುಮಂದಿಗೆ ಅದರ ಮುಖ ತೊಳೆಯುವುದು ಎಂದೇ ಅರ್ಥ. ಗಾಜು ಫಳಫಳ ಹೊಳೆಯಬೇಕು, ಬಾನೆಟ್ಟಿನಲ್ಲಿ ನಮ್ಮ ಬಿಂಬ ಕಾಣಬೇಕು, ಒಳಗೆ ಕೂತ ಪುಟ್ಟ ಗಣಪತಿಯ ಮೇಲೆ ಧೂಳಿರಬಾರದು. ಇಷ್ಟಾದರೆ ಸ್ನಾನ ಮುಗಿಯಿತು. ಅಷ್ಟೂ ಭಾರ ಹೊತ್ತು ಕೆಸರು, ಸಗಣಿ, ಗುಂಡಿಗಳ ಮೇಲೆ ಉರುಳುವ ನಾಲ್ಕು ಚಕ್ರಗಳ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅವಕ್ಕೆ ಮರ್ಯಾದೆ ಸಿಗುವುದು ವರ್ಷಕ್ಕೊಂದು ದಿನ, ಆಯುಧಪೂಜೆಯಂದು. ಅರಿಸಿನ ಕುಂಕುಮ ಹಚ್ಚಿ, ಅಡಿಯಲ್ಲಿ ಒಂದೊಂದು ನಿಂಬೆಹಣ್ಣಿಟ್ಟು, 'ಕಾಪಾಡಪ್ಪ' ಎಂದು ಕೈಮುಗಿದು, ಹಣ್ಣಿನ ಮೇಲೆ ಪಚಕ್ಕನೆ ಹತ್ತಿಸಿಬಿಟ್ಟರೆ ಮುಗಿಯಿತು. ಮತ್ತೆ ಮುಂದಿನ ನವರಾತ್ರಿಯವರೆಗೆ ಅವು ಅನಾಥ.

ಚಕ್ರವನ್ನು ನೋಡಬೇಕೆಂದು ನನಗೆ ಕಲಿಸಿದ್ದು ಕಾರಲ್ಲ, ಅವೆನ್ಯೂ ರಸ್ತೆಯ ಕೈಗಾಡಿ. ಹಳಬರ ಬಾಯಲ್ಲಿ ದೊಡ್ಡಪೇಟೆಯಾಗಿದ್ದ ಆ ರಸ್ತೆ ಮೈಸೂರು ಬ್ಯಾಂಕ್ ವೃತ್ತದಿಂದ ಸಿಟಿ ಮಾರ್ಕೆಟ್ಟಿನವರೆಗೆ ಹೋಗುತ್ತದೆ. ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು, ವೃತ್ತದ ಹೆಸರು ಮಾತ್ರ ಉಳಿದಿದೆ. ನನ್ನ ತವರುಮನೆ ಆ ರಸ್ತೆಯ ಒಂದು ಗಲ್ಲಿಯಲ್ಲಿತ್ತು. ಪುಸ್ತಕ, ಕಾಗದ, ಪಾತ್ರೆ, ಒಡವೆ ಎಲ್ಲಕ್ಕೂ ಅಲ್ಲಿ ಅಂಗಡಿ. ಕಾರು ನುಗ್ಗಲಾಗದ ಗಲ್ಲಿಗಳಲ್ಲಿ ಸರಕು ಸಾಗುತ್ತಿದ್ದುದು ಕೈಗಾಡಿಗಳ ಮೇಲೆ. ಬೆಳಗ್ಗೆ ಅಂಗಡಿಗಳ ಬಾಗಿಲು ತೆರೆಯುವ ಮುಂಚೆ ಗಾಡಿಯವರು ಕುಕ್ಕರುಗಾಲಲ್ಲಿ ಕೂತು, ಗಾಲಿಯನ್ನು ಒಂದು ಸುತ್ತು ತಿರುಗಿಸಿ, ಕಿವಿಗೊಟ್ಟು ಕೇಳಿ, ಅಚ್ಚಿಗೆ ಕೀಲೆಣ್ಣೆ ಬಿಡುತ್ತಿದ್ದರು. "ಕೀಲಿಗೆ ಎಣ್ಣೆ ಬಿದ್ರೆ ಅರ್ಧ ಭಾರ ಅದೇ ಹೊತ್ಕೊಳ್ಳುತ್ತೆ ಕಣಮ್ಮ" ಎಂದು ಒಬ್ಬ ಮುದುಕಪ್ಪ ಹೇಳಿದ್ದು ನನಗೆ ಇನ್ನೂ ನೆನಪಿದೆ. ಅವರಿಗೆ ಗಾಲಿಯೆಂದರೆ ಅಂದಿನ ಅನ್ನ. ಗಾಲಿ ಕೈಕೊಟ್ಟರೆ ಕಾಗದದ ಹೊರೆ ಬೀಳುವುದು ಅವರ ಮೈಮೇಲೆಯೇ.

ನಮ್ಮ ಕಾರಿನ ಚಕ್ರ ಕೈಕೊಟ್ಟರೂ ಬೀಳುವುದು ನಮ್ಮ ಮೈಮೇಲೆಯೇ ಅಲ್ಲವೇ? ಇಡೀ ಕಾರು ನೆಲ ಮುಟ್ಟುವುದು ಹೆಚ್ಚುಕಡಿಮೆ ಅಂಗೈಯಗಲದ ನಾಲ್ಕು ತುಂಡು ರಬ್ಬರಿನಲ್ಲಿ. ಅದರ ಮೇಲೆ ಗಂಡ, ಮಕ್ಕಳು, ಅತ್ತೆ, ಹಿಂದುಗಡೆ ಪುಳಿಯೋಗರೆ ಡಬ್ಬಿ ಎಲ್ಲವೂ ಕೂತಿರುತ್ತದೆ.

ಆದ್ದರಿಂದ ನಮ್ಮ ಮನೆಯಲ್ಲಿ ಹದಿನೈದು ದಿನಕ್ಕೊಮ್ಮೆ ಚಕ್ರಗಳಿಗೆ ಅಭ್ಯಂಜನ, ಅದನ್ನು ಮಾಡಿಸುವವಳು ನಾನು. ಇದಕ್ಕೆ ಮೆಕ್ಯಾನಿಕ್ ವಿದ್ಯೆ ಬೇಡ, ಅಡುಗೆಮನೆ ನಡೆಸಿದ ಅನುಭವ ಸಾಕು. ಮೊದಲ ನಿಯಮವೇ ಮಡಿ ಮೈಲಿಗೆಯದು. ಊಟದ ಮೇಜು ಒರೆಸುವ ಬಟ್ಟೆಯನ್ನು ಬಚ್ಚಲಿಗೆ ಹಾಕುತ್ತೇವೆಯೇ? ಹಾಗೆಯೇ ಚಕ್ರಕ್ಕೆ ಬೇರೆ ಬಕೆಟ್, ಬೇರೆ ಬಟ್ಟೆ. ಚಕ್ರಕ್ಕೆ ಮೆತ್ತಿಕೊಂಡ ಕಪ್ಪು ಪುಡಿ ಬರೀ ರಸ್ತೆಯ ಧೂಳಲ್ಲ. ಬ್ರೇಕ್ ಒತ್ತಿದಾಗಲೆಲ್ಲ ಬ್ರೇಕ್ ಪ್ಯಾಡೂ ಕಬ್ಬಿಣದ ಡಿಸ್ಕೂ ಸವೆದು ಉದುರಿದ ಚೂರು ಅದರಲ್ಲಿರುತ್ತದೆ. ಆ ಬಟ್ಟೆಯಿಂದ ಬಾಗಿಲು ಒರೆಸಿದರೆ ಬಣ್ಣದ ಮೇಲೆ ಸಣ್ಣ ಸಣ್ಣ ಗೀರು ಗ್ಯಾರಂಟಿ. ಕಾರು ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕುಗಳದು, ಅದಕ್ಕೇ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ಕಪ್ಪು. ಒಣಗಿದ ಪುಡಿಯನ್ನು ಬ್ರಷ್‌ನಿಂದ ಉಜ್ಜಿ ಮೂಗಿಗೆ ಎಳೆದುಕೊಳ್ಳಬೇಡಿ. ಮೊದಲು ನೆನೆಸಿ, ಆಮೇಲೆ ಉಜ್ಜಿ.

ಎರಡನೆಯದು, ಬಿಸಿ ಚಕ್ರಕ್ಕೆ ತಣ್ಣೀರು ಬೇಡ. ಊರು ಸುತ್ತಿ ಬಂದ ಕಾರಿನ ಬ್ರೇಕ್ ಡಿಸ್ಕು ಕಾದ ಕಾವಲಿಯಂತಿರುತ್ತದೆ. ಉರಿಯುವ ಕಾವಲಿಗೆ ನೀರು ಸುರಿದರೆ ಅದು ಸೊಟ್ಟಗಾಗುವ ಭಯ ನಮಗೆಲ್ಲ ಗೊತ್ತಿದ್ದದ್ದೇ. ಬೆಳಗ್ಗೆ, ನೆರಳಲ್ಲಿ, ಒಂದು ಚಕ್ರ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಕು. ಬಾಡಿಗಿಂತ ಮೊದಲು ಚಕ್ರ, ಇಲ್ಲದಿದ್ದರೆ ತೊಳೆದ ಬಾಗಿಲಿಗೆ ಕೊಳೆ ಸಿಡಿಯುತ್ತದೆ.

ನೀರಿನ ಲೆಕ್ಕವನ್ನೂ ಹೇಳಬೇಕು. ಬೆಂಗಳೂರಿಗೆ ಬರುವ ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರ ಹತ್ತಿ ಬರುತ್ತಾಳೆ. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರವಾದಾಗ, ಕುಡಿಯುವ ನೀರಿನಿಂದ ವಾಹನ ತೊಳೆದರೆ ಐದು ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಆಜ್ಞೆ ಹೊರಡಿಸಿತು. ಆ ಬೇಸಿಗೆಯಿಂದ ನಮ್ಮ ಮನೆಯಲ್ಲಿ ಪೈಪು ಮುಟ್ಟುವಂತಿಲ್ಲ. ವಾಷಿಂಗ್ ಮಷೀನಿನ ಕೊನೆಯ ಜಾಲಿಕೆಯ ನೀರು ಅರ್ಧ ಬಕೆಟ್, ಫಿಲ್ಟರು ಹೊರಗೆ ಬಿಡುವ ನೀರು ಅರ್ಧ ಬಕೆಟ್, ಅಷ್ಟರಲ್ಲೇ ನಾಲ್ಕೂ ಚಕ್ರ ಮುಗಿಯಬೇಕು. ಫಿಲ್ಟರಿನ ನೀರಿನಲ್ಲಿ ಲವಣ ಹೆಚ್ಚು, ಹಾಗೇ ಒಣಗಲು ಬಿಟ್ಟರೆ ಬಿಳಿ ಕಲೆ ಉಳಿಯುತ್ತದೆ. ಕೂಡಲೇ ಒಣಬಟ್ಟೆಯಲ್ಲಿ ಒರೆಸಿಬಿಟ್ಟರೆ ತೊಂದರೆಯಿಲ್ಲ. ಉಳಿದ ಕಪ್ಪು ನೀರನ್ನು ಮಾತ್ರ ತುಳಸಿಗೆ ಹಾಕಬೇಡಿ.

ಮೂರನೆಯದು, ಹೊಳೆಯಲಿ ಎಂಬ ಆಸೆ. ಹಿತ್ತಾಳೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗಿದ ಕೈಗಳು ನಮ್ಮವು. ಆದರೆ ಈಗಿನ ಅಲಾಯ್ ಚಕ್ರಗಳು ಅಲ್ಯೂಮಿನಿಯಂ ಮಿಶ್ರಲೋಹದವು, ಮೇಲೆ ತೆಳುವಾದ ಬಣ್ಣದ ಪದರವಿರುತ್ತದೆ. ಹುಳಿ, ಬಚ್ಚಲಿನ ಆಸಿಡ್, ಕಬ್ಬಿಣದ ಜುಂಗು ಇವು ಮೂರೂ ಆ ಪದರವನ್ನು ತಿಂದುಹಾಕುತ್ತವೆ. ಕಾರಿನ ಶಾಂಪೂ ಒಂದು ಚಮಚ, ಮೆದು ಬ್ರಷ್ ಒಂದು, ನಟ್ಟುಗಳ ಸಂದಿಗೆ ಹಳೆಯ ಟೂತ್‌ಬ್ರಷ್ ಒಂದು, ಇಷ್ಟೇ ಸಾಕು. ಬ್ರಷ್ಷಿಗೆ ಈಗಲೂ ನಾನು ಪೇಟೆಗೇ ಹೋಗುವುದು. ಸ್ಟೀಲ್ ಚಕ್ರವಾದರೆ ಮೇಲಿನ ಪ್ಲಾಸ್ಟಿಕ್ ಕ್ಯಾಪ್ ತೆಗೆದು ಒಳಗೆ ತುಕ್ಕು ಹಿಡಿದಿದೆಯೇ ನೋಡಿ.

ಹಾಗಾದರೆ ಎಣ್ಣೆ? ಕೈಗಾಡಿಯ ಅಚ್ಚಿಗೆ ಎಣ್ಣೆ ಬೇಕು, ಕಾರಿನ ಚಕ್ರಕ್ಕೆ ಹೊರಗಿನಿಂದ ಒಂದು ತೊಟ್ಟೂ ಬೇಡ. ಹಬ್ಬದ ದಿನ ಟೈರು ಕರ್ರಗೆ ಹೊಳೆಯಲೆಂದು ಕೆಲವರು ಎಣ್ಣೆಯನ್ನೋ ಡೀಸೆಲನ್ನೋ ಬಳಿಯುವುದುಂಟು. ಅದು ರಬ್ಬರನ್ನು ಹಾಳು ಮಾಡುತ್ತದೆ. ನೆಲ ಮುಟ್ಟುವ ಪಟ್ಟಿಗೆ ತಾಗಿದರೆ ಕಾರು ಜಾರುತ್ತದೆ, ಡಿಸ್ಕಿಗೆ ತಾಗಿದರೆ ಬ್ರೇಕು ಹಿಡಿಯುವುದಿಲ್ಲ. ತೊಳೆದಾದ ಮೇಲೆ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಹೋಗಿ ಎರಡು ಮೂರು ಸಲ ಬ್ರೇಕ್ ಒತ್ತಿದರೆ ಡಿಸ್ಕಿನ ತೇವ ಆರುತ್ತದೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ತೊಳೆಯುವ ಮಾತು. ನಿಜವಾದ ಲಾಭ ಇರುವುದು ತೊಳೆಯುವಾಗ ಕಣ್ಣಿಗೆ ಬೀಳುವುದರಲ್ಲಿ. ಮಗುವಿಗೆ ಎರೆಯುವಾಗ ತಾನೇ ತಾಯಿಗೆ ಮೈಮೇಲಿನ ಗುಳ್ಳೆ ಕಾಣುವುದು?

ಒಮ್ಮೆ ಧರ್ಮಸ್ಥಳಕ್ಕೆ ಹೊರಟಿದ್ದೆವು. ಹಿಂದಿನ ದಿನ ಚಕ್ರ ತೊಳೆಯಲು ಕೂತೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿಟ್ಟರೆ ಮುಂದಿನ ಟೈರಿನ ಒಳಮಗ್ಗುಲೂ ಕಾಣುತ್ತದೆ. ಹಾಗೆ ಬಟ್ಟೆ ಆಡಿಸುತ್ತಿದ್ದಾಗ ಎಡ ಚಕ್ರದ ಒಳಬದಿಯಲ್ಲಿ ಅರ್ಧ ನೆಲ್ಲಿಕಾಯಿಯಷ್ಟು ಉಬ್ಬು ಕೈಗೆ ಸಿಕ್ಕಿತು.

"ರೀ, ಸ್ವಲ್ಪ ಬಂದು ನೋಡಿ."

"ಸರ್ವೀಸ್ ಆಗಿ ಹದಿನೈದು ದಿನ ಆಗಿಲ್ಲ ಕಣೇ. ಎಲ್ಲ ಚೆಕ್ ಮಾಡಿದೀವಿ ಅಂತ ಚೀಟೀನೇ ಕೊಟ್ಟಿದಾರೆ."

"ಚೀಟಿ ಆಮೇಲೆ ಓದೋಣ. ಮೊದಲು ಕೈ ಇಟ್ಟು ನೋಡಿ."

ಕೈ ಇಟ್ಟರು. ಮಾತಿಲ್ಲದೆ ಸ್ಟೆಪ್ನಿ ಇಳಿಸಿ ಹಾಕಿದರು. ಬಿಚ್ಚಿದ ಚಕ್ರದೊಂದಿಗೆ ಜೆ.ಸಿ. ರಸ್ತೆಯ ಕಡೆಗೆ ಹೋದೆವು. ಟೈರಿನವನು ಅದರ ಒಳಗೆ ಬೆರಳಾಡಿಸಿ ತೋರಿಸಿದ. ಗುಂಡಿಗೆ ಬಿದ್ದಾಗ ರಸ್ತೆಗೂ ರಿಮ್ಮಿಗೂ ನಡುವೆ ಟೈರು ಜಜ್ಜಿ ಒಳಗಿನ ದಾರ ಕಡಿದಿತ್ತು, ಅಲ್ಲಿ ಗಾಳಿ ರಬ್ಬರನ್ನು ಹೊರಕ್ಕೆ ತಳ್ಳುತ್ತಿತ್ತು. ಇದಕ್ಕೆ ಪ್ಯಾಚಿಲ್ಲ, ರಿಪೇರಿಯಿಲ್ಲ, ಬದಲಿಸುವುದೊಂದೇ ದಾರಿ. "ಇದರಲ್ಲಿ ಶಿರಾಡಿ ಘಾಟಿ ಇಳೀತಿದ್ರಾ ಮೇಡಂ?" ಎಂದ. ಹಿಂದಿನ ಸೀಟಿನಲ್ಲಿ ಕೂರಬೇಕಾಗಿದ್ದ ನಮ್ಮ ಎರಡು ಮಕ್ಕಳ ಮುಖ ಕಣ್ಣ ಮುಂದೆ ಬಂತು, ನಾನು ಉತ್ತರ ಹೇಳಲಿಲ್ಲ.

ನೋಡಬೇಕಾದದ್ದು ಇನ್ನೂ ಕೆಲವಿವೆ. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಅಡ್ಡಗಟ್ಟೆಗಳಿರುತ್ತವೆ. ಮೇಲಿನ ರಬ್ಬರು ಸವೆದು ಆ ಗಟ್ಟೆಗೆ ಸಮನಾದರೆ ಉಳಿದ ಆಳ 1.6 ಮಿಲಿಮೀಟರ್ ಮಾತ್ರ, ಟೈರಿನ ಆಯುಸ್ಸು ತೀರಿತು. ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು, ಎರಡೂ ಅಂಚು ಸವೆದಿದ್ದರೆ ಕಡಿಮೆಯಿತ್ತು, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಮಗ್ಗುಲಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಟೈರಿನ ಜಾತಕ. 2319 ಎಂದಿದ್ದರೆ ಅದು 2019ರ ಇಪ್ಪತ್ತಮೂರನೆಯ ವಾರದಲ್ಲಿ ಹುಟ್ಟಿದ್ದು. ಕಡಿಮೆ ಓಡಿದರೂ ರಬ್ಬರಿಗೆ ಮುಪ್ಪು ಬರುತ್ತದೆ, ಬಿರುಕು ಬಿಡುತ್ತದೆ. ಮೊಳೆ ಕಂಡರೆ ಕಿತ್ತುಬಿಡಬೇಡಿ, ಟ್ಯೂಬಿಲ್ಲದ ಟೈರಿನಲ್ಲಿ ಆ ಮೊಳೆಯೇ ಬಿರಡೆ. ಹಾಗೇ ನಿಧಾನವಾಗಿ ಪಂಕ್ಚರ್ ಅಂಗಡಿಗೆ ಹೋಗಿ. ಡಿಕ್ಕಿಯಲ್ಲಿ ಮಲಗಿದ ಸ್ಟೆಪ್ನಿಯ ಗಾಳಿಯನ್ನೂ ನೋಡಿ. ಅಂದಹಾಗೆ ಸ್ಟೆಪ್ನಿ ಎಂಬ ಹೆಸರು ಬಂದದ್ದು ವೇಲ್ಸ್ ದೇಶದ ಲಾನೆಲಿ ಊರಿನ ಸ್ಟೆಪ್ನಿ ಬೀದಿಯಿಂದ. 1904ರಲ್ಲಿ ಬಿಡಿ ಚಕ್ರ ಮಾಡಿ ಮಾರಲು ಹೊರಟವರ ಅಂಗಡಿ ಅಲ್ಲಿತ್ತು.

"ಹೆಂಗಸರಿಗೆ ಚಕ್ರದ ಗೊಡವೆ ಯಾಕೆ?" ಎನ್ನುವವರು ಈಗಲೂ ಇದ್ದಾರೆ. ಅವರಿಗೆ ನಾನು ಬೆರ್ತಾ ಬೆಂಝ್ ಎಂಬ ಜರ್ಮನ್ ಗೃಹಿಣಿಯ ಕಥೆ ಹೇಳುತ್ತೇನೆ. ಮೋಟಾರುಗಾಡಿ ಕಂಡುಹಿಡಿದ ಕಾರ್ಲ್ ಬೆಂಝರ ಹೆಂಡತಿ. 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮನ್ಹೈಮಿನಿಂದ ತವರೂರು ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಆ ಗಾಡಿಯಲ್ಲಿ ಹೋದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಇಳಿಜಾರಿನಲ್ಲಿ ಮರದ ಬ್ರೇಕು ಸವೆದಾಗ ದಾರಿಯ ಚಮ್ಮಾರನ ಬಳಿ ನಿಂತು ಅದಕ್ಕೆ ಚರ್ಮ ಹೊಡೆಸಿದಳು. ನಮ್ಮ ಚಕ್ರಗಳಿಗೆ ಕಪ್ಪು ಪುಡಿ ಉದುರಿಸುವ ಬ್ರೇಕ್ ಪ್ಯಾಡು ಆ ಚರ್ಮದ ಪಟ್ಟಿಯ ಮರಿಮಗಳೇ.

ನಮ್ಮ ಬೀದಿಯಲ್ಲಿ ಈಗ ಎಷ್ಟೋ ಹೆಣ್ಣುಮಕ್ಕಳು ಕಾರು ಓಡಿಸುತ್ತಾರೆ. ಗಾಳಿ ಹಾಕಿಸುವಾಗ "ಎಷ್ಟು ಹಾಕಲಿ?" ಎಂದು ಕೇಳಿದರೆ ಮಾತ್ರ "ನೀವೇ ನೋಡಿ ಹಾಕಿ ಅಣ್ಣ" ಎನ್ನುತ್ತಾರೆ. ಆ ಅಂಕಿ ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆರೆದಲ್ಲಿ ಚೌಕಟ್ಟಿನ ಚೀಟಿಯ ಮೇಲೆಯೇ ಇರುತ್ತದೆ. ಟೈರು ತಣ್ಣಗಿರುವಾಗ ಅಷ್ಟಿರಬೇಕು. ಗ್ಯಾಸ್ ಸಿಲಿಂಡರ್ ಬಂದ ತಾರೀಖು ಬರೆದಿಡುವ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ಅಂಕಿಯನ್ನೂ, ಚಕ್ರ ತೊಳೆದ ತಾರೀಖನ್ನೂ ಬರೆದಿಡಿ. ನಮ್ಮ ಮನೆಯಲ್ಲಿ ಬರೆಯುವವಳು ನಾನು, ಭಾನುವಾರ ಬೆಳಗ್ಗೆ ಕಾಫಿ ಕುಡಿದು ಕೇಳದೆಯೇ ಬಕೆಟ್ ಎತ್ತಿಕೊಳ್ಳುವವರು ಈಗ ಯಜಮಾನರು.